ಹುಲ್ಲಿನೊಳಗಿನ ಮರಿ

ಗಜೇಂದ್ರಗಡದಲ್ಲಿ ನಾನು ಅಂಗಡಿಗಳ ಬೋರ್ಡು ಬರೆಯುವವನು. ಆಯಿಲ್ ಪೇಂಟಿನಲ್ಲಿ ಕಾಡುಪ್ರಾಣಿ ಬರೆಯುವುದು ನನ್ನ ಚಟ; ಹೆಂಡತಿ ಗುಲ್ಷನಳ ಪ್ರಕಾರ, ರೋಗ. 2004ರ ಬೇಸಿಗೆಯಲ್ಲಿ ಅಮ್ಮನ ಕಣ್ಣಿಗೆ ಪೊರೆ ಪೂರ್ತಿ ಕವಿಯಿತು. ಚಿಕ್ಕವಳಿದ್ದಾಗ ನರೇಗಲ್ಲಿನ ಎರೆಹೊಲದಲ್ಲಿ ಕಂಡ ಚಿಗರಿ ಜಿಂಕೆಗಳ ಹಿಂಡನ್ನು ಇನ್ನೊಮ್ಮೆ ನೋಡುವ ಆಸೆ ಅವಳಿಗೆ. ಆಪರೇಶನ್ ಆಗುವುದರೊಳಗೆ ಬರೆದಿಡುತ್ತೇನೆಂದೆ.

"ಬರಿ. ಆದರ ಕಣ್ಣ ಬರಿಬ್ಯಾಡ. ಜೀವಾ ಹಾಕಾಂವ ಮ್ಯಾಲ ಅದಾನ," ಎಂದಳು.

ಹಾಗಾಗಿ ಎಲ್ಲ ಚಿಗರಿಗಳಿಗೂ ನಮ್ಮ ಕಡೆ ಬೆನ್ನು ಮಾಡಿಸಿದೆ.

"ಎಮ್ಮಿ ಬರೀರಿ, ಹಾಲರ ಕೊಟ್ಟೀತು," ಎಂದಳು ಗುಲ್ಷನ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅಗಸೆ ಎಣ್ಣೆಯ ವಾಸನೆ ಹೋಗಿ ಹಸಿ ಹುಲ್ಲಿನ ವಾಸನೆ ಬಂತು. ಅಂಥ ಉರಿಯಲ್ಲೂ ಕ್ಯಾನ್ವಾಸಿನ ಹತ್ತಿರ ಮಾತ್ರ ತಂಪು. ಅದರೆದುರು ಕುಳಿತ ಅಮ್ಮ ನಗುತ್ತಿದ್ದಳು.

"ಏ ಜಾಕೀರ, ಎಲ್ಲಾ ಆ ಕಡೆ ಹೊಂಟಾವು. ಹುಲ್ಲಾಗ ಕುಂತ ಮರಿ ಒಂದ ನನ್ನ ನೋಡಾಕತ್ತೈತಿ."

ಆಗ ಅವಳಿಗೆ ನನ್ನ ಮುಖವೂ ಕಾಣುತ್ತಿರಲಿಲ್ಲ. ನಾನು ಮರಿಯನ್ನು ಬರೆದೂ ಇರಲಿಲ್ಲ. ಹೂಂ ಎಂದೆ.

ಆಪರೇಶನ್ನಿನ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವಳೇ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ಹಿಂಡ ಭಾಳ ಚಲೋ ಆಗೇತಿ. ಮರಿ ಎಲ್ಲಿ ಹೋತೋ?"

ಅವಳು ತೋರಿಸಿದಲ್ಲಿ ಹುಲ್ಲಿನ ಬಣ್ಣ ಅಂಗೈಯಗಲ ಒತ್ತಿಹೋಗಿತ್ತು, ಏನೋ ಈಗಷ್ಟೇ ಎದ್ದು ಹೋದಂತೆ. ಉಳಿದ ಬಣ್ಣವೆಲ್ಲ ಆ ಬೇಸಿಗೆಯಲ್ಲೇ ಒಣಗಿತು. ಅಷ್ಟು ಜಾಗ ಮಾತ್ರ ನಾಲ್ಕು ವರ್ಷವಾದರೂ ಒಣಗಿಲ್ಲ. ಮೊನ್ನೆ ಮುಟ್ಟಿದರೆ ಬೆರಳಿಗೆ ಹಸಿರು ಹತ್ತಿತು.

ಪಟ್ಟಿ ಬಿಚ್ಚಿದ ದಿನದಿಂದ ಅಮ್ಮ ಮಧ್ಯಾಹ್ನ ಪಡಸಾಲೆಯ ಬಾಗಿಲು ಹಾಕಗೊಡುವುದಿಲ್ಲ.