ಸೆಪ್ಟೆಂಬರ್ ಹದಿನಾಲ್ಕರ ಎದುರು

ಬೇರೆಯವರ ಮನೆಯ ಟಾಯ್ಲೆಟ್‌ನಲ್ಲಿ ಕೂತು ಅವರ ನೆಂಟರಿಷ್ಟರ ಹುಟ್ಟುಹಬ್ಬ ಓದುವುದು ಫೆನ್ನಾಗೆ ಚಿಕ್ಕಂದಿನಿಂದ ಬಂದ ಚಟ. ಅವಳ ದೇಶದಲ್ಲಿ ಯಾರ ಮನೆಗೆ ಹೋದರೂ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುವುದು ಅಲ್ಲೇ, ಬಾಗಿಲ ಹಿಂದೆ, ಕೂತವರ ಕಣ್ಣಿಗೆ ನೇರವಾಗಿ. ಅದರಲ್ಲಿ ವಾರಗಳಿಲ್ಲ, ಬರೀ ತಾರೀಕು ಮತ್ತು ಹೆಸರು. ಹಾಗಾಗಿ ವರ್ಷ ಬದಲಾದರೂ ಅದನ್ನು ಬದಲಾಯಿಸಬೇಕಿಲ್ಲ.

ಸೆಪ್ಟೆಂಬರ್ ಮೂರು: ಹಾರ್ಮ್ ಚಿಕ್ಕಪ್ಪ. ಹೆಸರಿನ ಪಕ್ಕ ಪುಟ್ಟ ಶಿಲುಬೆ. ತೀರಿಕೊಂಡಿದ್ದಾರೆ, ಪಾಪ.

ಹನ್ನೊಂದು: ಇಂಗೆ. ಹೆಸರಿನ ಮೇಲೆ ಉದ್ದಕ್ಕೂ ಗೀಟು. ಯಾರನ್ನೋ ಬಿಟ್ಟುಹೋದವಳು.

ಹದಿನಾಲ್ಕು: ಫೆನ್ನಾ ಡೈಕೆಮಾ, 1989.

ಫೆನ್ನಾ ಮುಂದಿನ ಹೆಸರಿಗೆ ಹೋದಳು. ಹಾಗೇ ಹಿಂದಕ್ಕೆ ಬಂದಳು. ಮೂರು ಸಲ ಓದಿದಳು. ಅವಳದೇ ಹೆಸರು, ಅವಳದೇ ತಾರೀಕು, ಅವಳು ಹುಟ್ಟಿದ ವರ್ಷ. ಈ ಊರಿನಲ್ಲಿ ಅವಳು ಇಳಿದು ಮೂರು ಗಂಟೆಯೂ ಆಗಿಲ್ಲ. ಈ ಮನೆಯ ಮುದುಕಿಯನ್ನು ಇವತ್ತಿಗೆ ಮುಂಚೆ ಅವಳು ಜನ್ಮದಲ್ಲಿ ನೋಡಿಲ್ಲ.

ಆಮೇಲೆ ಆ ಒಂಬತ್ತು ಕಣ್ಣಿಗೆ ಬಿತ್ತು. ಬಾಲವನ್ನು ಒಳಕ್ಕೆ ಮಡಚಿಕೊಂಡ ಒಂಬತ್ತು. ಲೋಕದಲ್ಲಿ ಒಬ್ಬನೇ ಹಾಗೆ ಬರೆಯುತ್ತಿದ್ದದ್ದು.

ಎದ್ದವಳು ಮುಚ್ಚಳ ಹಾಕಿ ಮತ್ತೆ ಅದರ ಮೇಲೇ ಕೂತಳು.

ಆರ್ನೌಟ್. ಐದು ವರ್ಷದ ಕೆಳಗೆ, ಖ್ರೋನಿಂಗೆನ್‌ನ ಅವಳ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತಾ ಅವನು ಹೇಳಿದ್ದ: "ಲೈಡನ್‌ನಲ್ಲಿ ನನಗೆ ಹಡಗು ಬಂದಾಗ ಸೇತುವೆ ಎತ್ತಿ ಇಳಿಸೋ ಕೆಲಸ ಸಿಕ್ಕಿದೆ. ನೀನೂ ಬಾ, ಒಟ್ಟಿಗಿರೋಣ." ಅವಳು ಎರಡು ದಿನ ಟೈಮ್ ಕೇಳಿದ್ದಳು. ಎರಡು ದಿನ ಎರಡು ವಾರವಾಯಿತು. ಬರೆದ ಮೆಸೇಜುಗಳನ್ನೆಲ್ಲ ಅಳಿಸಿದಳು. ತಡವಾದಷ್ಟೂ ನಾಚಿಕೆ ಹೆಚ್ಚಾಯಿತು. ಅವನು ಎರಡನೇ ಸಲ ಕೇಳಲಿಲ್ಲ.

ಅಂದಿನಿಂದ ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಒಬ್ಬಳೇ ಸೈಕಲ್ ಏರಿ ದೇಶ ಸುತ್ತುತ್ತಾಳೆ. ಲೈಡನ್ ತಪ್ಪಿಸಿಯೇ ಮ್ಯಾಪು ಹಾಕುತ್ತಾಳೆ. ಈ ಸಲ ಎದುರುಗಾಳಿ, ಹಿಂದಿನ ಚಕ್ರದ ಎರಡು ಕಡ್ಡಿ ಮುರಿದವು. ಹತ್ತಿರವಿದ್ದದ್ದು ಲೈಡನ್ ಒಂದೇ. ರಿಪೇರಿ ಮುಗಿಯುವಷ್ಟರಲ್ಲಿ ಸಂಜೆಯಾದೀತು, ಒಂದೇ ಒಂದು ರಾತ್ರಿ ತಾನೇ ಎಂದು, ಸೈಕಲ್ ಸವಾರರಿಗೆ ಮನೆಯಲ್ಲೇ ಹಾಸಿಗೆ ಕೊಡುವವರ ಪಟ್ಟಿ ತೆಗೆದು, ಟ್ರೂಸ್ ಎಂಬ ಹೆಂಗಸಿಗೆ ಫೋನ್ ಮಾಡಿದ್ದಳು.

ಹೊರಗೆ ಬಂದಾಗ ಟ್ರೂಸ್ ಕಾಲುವೆ ಕಡೆಯ ಕಿಟಕಿ ಹತ್ತಿರ, ಚಹಾದ ಕೆಟಲ್ ಮುಂದಿಟ್ಟುಕೊಂಡು ಕೂತಿದ್ದಳು.

"ಗಟ್ಟಿಗಿತ್ತಿ ಕಣಮ್ಮ ನೀನು. ಎರಡನೇ ಕಪ್ಪಿಗೇ ಟಾಯ್ಲೆಟ್‌ಗೆ ಏಳ್ತೀಯ ಅಂದ್ಕೊಂಡಿದ್ದೆ. ನಾಲ್ಕು ಬೇಕಾಯ್ತು."

ನಾಲ್ಕು ಕಪ್ ಚಹಾ, ಒಂದೇ ಒಂದು ಬಿಸ್ಕತ್ತು. ಈಗ ಅರ್ಥವಾಯಿತು.

"ನೀವು ಆರ್ನೌಟ್ ಅಮ್ಮ," ಎಂದಳು ಫೆನ್ನಾ. ದನಿ ತನ್ನದಲ್ಲ ಅನಿಸಿತು.

"ಅವನು ಹುಟ್ಟಿದಾಗಿನಿಂದ. ಕೂತ್ಕೋ, ಮುಖ ಬಿಳಿಚಿಕೊಂಡಿದೆ."

"ನೀವು ಹಳ್ಳಿಲಿದ್ದಿರಿ, ಫ್ರೀಸ್ಲಾಂಡ್‌ನಲ್ಲಿ."

"ಸೊಂಟ ಮುರಿದ್ಮೇಲೆ ಇಲ್ಲಿಗೆ ಬಂದೆ. ನೀನು ಫೋನಲ್ಲಿ ಹೆಸರು ಹೇಳಿದಾಗ ಕೈಲಿದ್ದ ಸೌಟು ಸೂಪಿನೊಳಗೇ ಬಿತ್ತು. ಹೆದರಬೇಡ, ಅವನಿಗೆ ಹೇಳಿಲ್ಲ. ಅವನಿರೋದು ಬೇರೆ, ದೋಣಿಮನೆಲಿ."

ಫೆನ್ನಾ ಕುರ್ಚಿಯ ತುದಿಯಲ್ಲಿ ಕೂತಳು. "ಅದು ಹಳೇ ಕ್ಯಾಲೆಂಡರ್ ಇರಬೇಕು. ಹೆಸರು ಹಾಗೇ ಉಳಿದುಬಿಟ್ಟಿದೆ, ಅಷ್ಟೇ."

"ಹಳೇದಾ? ಹೋದ ವರ್ಷ ಮೇಲಿನ ಪೈಪು ಒಡೆದು ಹಳೇದು ಮುದ್ದೆ ಆಗಿಹೋಯ್ತು. ಹೊಸದಕ್ಕೆ ಅವನೇ ಇದೇ ಮೇಜಿನ ಮುಂದೆ ಕೂತು ಎಲ್ಲರ ಹೆಸರೂ ಇಳಿಸಿದ. ನಾನು ಆಲೂಗಡ್ಡೆ ಸಿಪ್ಪೆ ತೆಗೀತಿದ್ದೆ. ಹದಿನಾಲ್ಕಕ್ಕೆ ಬಂದಾಗ ಪೆನ್ನು ನಿಂತಿತು. ಮೂರು ಆಲೂಗಡ್ಡೆ ಮುಗಿಯೋವರೆಗೂ ನಿಂತಿತ್ತು. ಆಮೇಲೆ ಬರೆದ."

ಫೆನ್ನಾ ಕಪ್ಪು ಹಿಡಿದಳು. ಕಪ್ಪು ಖಾಲಿ ಎಂಬುದು ತುಟಿಗೆ ತಾಗಿದ ಮೇಲೆ ಗೊತ್ತಾಯಿತು.

"ಮನೇಲಿ ಒಬ್ಬರ ಹುಟ್ಟುಹಬ್ಬ ಅಂದ್ರೆ ಮನೆಯವರಿಗೆಲ್ಲ ಅಭಿನಂದನೆ ಹೇಳ್ತೀವಲ್ಲ," ಎಂದಳು ಟ್ರೂಸ್, "ನಾನೂ ಪ್ರತಿ ಹದಿನಾಲ್ಕಕ್ಕೆ ಅವನ ಕೈ ಕುಲುಕಿ ಹೇಳ್ತೀನಿ. ಫೆನ್ನಾ ಹುಟ್ಟುಹಬ್ಬಕ್ಕೆ ನಿನಗೆ ಅಭಿನಂದನೆ ಕಣೋ, ಅಂತ. ಮೊದಲ ವರ್ಷ ಕೈ ಹಿಂದೆ ಕಟ್ಕೊಂಡ. ಅವಳು ನಮ್ಮ ಮನೆಯವಳಲ್ಲಮ್ಮ ಅಂದ. ಈಗ ಕೈ ಕೊಡ್ತಾನೆ. ಥ್ಯಾಂಕ್ಸ್ ಮಾತ್ರ ಹೇಳಲ್ಲ."

"ನಾನು ಅವನಿಗೆ ಉತ್ತರಾನೇ ಕೊಡಲಿಲ್ಲ," ಎಂದಳು ಫೆನ್ನಾ.

"ಗೊತ್ತು. ಅದಕ್ಕೇ ಹೇಳ್ತಿದೀನಿ. ನಾಳೆ ಎಂಟಕ್ಕೆ ಅವನ ಪಾಳಿ. ನೀನು ದಕ್ಷಿಣಕ್ಕೆ ಹೋಗೋದಾದ್ರೆ ಅದೇ ಸೇತುವೆ ದಾಟಬೇಕು. ಬೇಡ ಅಂದ್ರೆ ಸ್ಟೇಷನ್ ಹಿಂದೆ ದಾರಿ ಇದೆ, ಇಪ್ಪತ್ತು ನಿಮಿಷ ಸುತ್ತು. ಐದು ವರ್ಷ ಸುತ್ತಿದವಳಿಗೆ ಇಪ್ಪತ್ತು ನಿಮಿಷ ಏನು ಮಹಾ." ಅವಳು ಕೆಟಲ್ ಎತ್ತಿಕೊಂಡು ಎದ್ದಳು. "ನೀನು ಸುತ್ತಿ ಹೋದೆ ಅಂತ ಗೊತ್ತಾದ್ರೆ ಗೀಟು ನಾನೇ ಎಳೀತೀನಿ, ಮಗಳೇ. ಅವನ ಕೈಲಿ ಆಗಲ್ಲ."

ಬೆಳಿಗ್ಗೆ ಟ್ರೂಸ್ ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿ ಕೊಟ್ಟಳು, ಕೆನ್ನೆಗೆ ಮೂರು ಮುತ್ತು ಕೊಟ್ಟು ಹುಟ್ಟುಹಬ್ಬದ ಶುಭಾಶಯ ಹೇಳಿದಳು. ದಾರಿಯ ಮಾತು ಎತ್ತಲಿಲ್ಲ.

ಫೆನ್ನಾ ಸ್ಟೇಷನ್ ಕಡೆಗೇ ತಿರುಗಿದಳು. ಇದನ್ನು ಮುಚ್ಚಿಡುವುದು ಬೇಡ. ಎರಡು ಸಿಗ್ನಲ್ ದಾಟಿದಳು. ಮೂರನೆಯದರಲ್ಲಿ ಕೆಂಪು ದೀಪ ಬಿತ್ತು. ಆ ಗೀಟು ಕಣ್ಣೆದುರು ಬಂತು, ತನ್ನ ಹೆಸರಿನ ಮೇಲೆ, ಈ ತುದಿಯಿಂದ ಆ ತುದಿಗೆ. ಹಸಿರು ಬರುವ ಮೊದಲೇ ಸೈಕಲ್ ತಿರುಗಿಸಿದಳು.

ಅವಳು ತಲುಪುವುದಕ್ಕೂ ಗಂಟೆ ಬಾರಿಸಿ ತಡೆಗಂಬ ಇಳಿಯುವುದಕ್ಕೂ ಸರಿಹೋಯಿತು. ಸೇತುವೆ ಮೆಲ್ಲಗೆ ಮೇಲೆದ್ದಿತು. ಮರಳು ತುಂಬಿದ ಹಡಗೊಂದು ಕೆಳಗೆ ಹಾದುಹೋಗತೊಡಗಿತು. ಆಚೆ ದಡದ ಗಾಜಿನ ಕೋಣೆಯಲ್ಲಿ ಆರ್ನೌಟ್ ನಿಂತಿದ್ದ. ಕನ್ನಡಕ ಬಂದಿದೆ. ಕತ್ತು ಮಾತ್ರ ಮೊದಲಿನಂತೆಯೇ ಕೊಂಚ ಎಡಕ್ಕೆ ವಾಲಿದೆ. ಅವನು ಹಡಗು ನೋಡಿದ, ಕಾಯುವ ಜನ ನೋಡಿದ, ಮತ್ತೆ ಹಡಗಿನ ಕಡೆ ತಿರುಗಿದ.

ತಿರುಗಿದವನು ಅರ್ಧಕ್ಕೇ ನಿಂತ. ಕನ್ನಡಕ ತೆಗೆದ. ಒರೆಸದೆ ಮತ್ತೆ ಹಾಕಿಕೊಂಡ.

ಹಡಗು ಹೋಯಿತು. ನೀರು ಸಮವಾಯಿತು. ಸೇತುವೆ ಮಾತ್ರ ಆಕಾಶ ನೋಡುತ್ತಲೇ ಇತ್ತು.

"ಇಳಿಸಪ್ಪಾ, ಹಡಗು ಸಮುದ್ರ ಮುಟ್ಟಿತು," ಎಂದು ಅಂಚೆಚೀಲದ ಹೆಂಗಸು ಕೂಗಿದಳು.

"ಸೇತುವೆ ಕೆಟ್ಟಿರಬೇಕು," ಎಂದ ಟೊಪ್ಪಿಯ ಮುದುಕ.

"ಕೆಟ್ಟಿರೋದು ಸೇತುವೆ ಅಲ್ಲ ತಾತ, ಸೇತುವೆಯವನು. ಆ ಮುಖ ನೋಡಿ."

ಆರ್ನೌಟ್ ಹೊರಗೆ ಬಂದು ದಡದ ಅಂಚಿನಲ್ಲಿ ನಿಂತ. ನಡುವೆ ಹತ್ತು ಮೀಟರ್ ನೀರು.

"ಫೆನ್ನಾ?"

ಬೆಳಗಿನಿಂದ ಜೋಡಿಸಿಟ್ಟಿದ್ದ ಒಳ್ಳೆಯ ಮಾತುಗಳೆಲ್ಲ ಎಲ್ಲಿ ಹೋದವೋ. "ನಿಮ್ಮಮ್ಮನ ಮನೆ ಟಾಯ್ಲೆಟ್‌ಗೆ ಹೋಗಿದ್ದೆ," ಎಂದು ಕೂಗಿದಳು.

ಎರಡೂ ದಡದ ಜನ ಅವಳತ್ತ ತಿರುಗಿದರು. ಆರ್ನೌಟ್‌ನ ಕಿವಿ ಕೆಂಪಾದದ್ದು ಇಲ್ಲಿಗೇ ಕಾಣಿಸಿತು.

"ನೋಡಿದೆಯಾ?"

"ಕಣ್ಣೆದುರೇ ತೂಗ್ತಿದ್ರೆ ನೋಡದೆ?"

"ಅಳಿಸ್ತೀನಿ. ನಿನ್ನ ಕೇಳದೆ ಬರೆದದ್ದು ತಪ್ಪು. ಪೆನ್ನು ಕೈಲಿತ್ತು, ನಿನ್ನ ಹೆಸರು ಬಿಟ್ಟುಬಿಡೋಕೆ ಆಗಲಿಲ್ಲ."

ಫೆನ್ನಾ ಬರೀ ತಲೆಯಾಡಿಸಿದಳು, ಬೇಡ ಎಂಬಂತೆ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ.

"ಏನು ಬರೆದನಮ್ಮಾ ಅವನು?" ಎಂದು ಮುದುಕ ಕೇಳಿದ.

"ನನ್ನ ಹುಟ್ಟುಹಬ್ಬ. ಇವತ್ತು."

"ಹೌದಾ," ಎಂದು ಅಂಚೆಯವಳು ತಡಮಾಡದೆ ಅವಳ ಕೈ ಹಿಡಿದು ಕುಲುಕಿದಳು. ಮುದುಕನೂ ಕುಲುಕಿದ. ಆಮೇಲೆ ಅಂಚೆಯವಳು, ಯಾವ ಮನೆಯಲ್ಲಾದರೂ ಮಾಡುವಂತೆ, ಆಚೆ ದಡಕ್ಕೆ ತಿರುಗಿ ಕೂಗಿದಳು: "ಫೆನ್ನಾ ಹುಟ್ಟುಹಬ್ಬಕ್ಕೆ ನಿಮಗೂ ಅಭಿನಂದನೆ, ಸ್ವಾಮಿ."

ಆರ್ನೌಟ್‌ನ ಕೈ ತಾನಾಗಿಯೇ ಬೆನ್ನ ಹಿಂದಕ್ಕೆ ಹೋಯಿತು. ಅವನು ಫೆನ್ನಾಳನ್ನೇ ನೋಡುತ್ತಿದ್ದ.

ಫೆನ್ನಾ ಸೈಕಲನ್ನು ಕಂಬಕ್ಕೆ ಒರಗಿಸಿ, ಎರಡೂ ಕೈ ಬಾಯಿಯ ಪಕ್ಕ ಹಿಡಿದು ಕೂಗಿದಳು.

"ಥ್ಯಾಂಕ್ಸ್ ಹೇಳು, ಆರ್ನೌಟ್. ಅವರು ಕಾಯ್ತಿದ್ದಾರೆ."

ಗಾಳಿ ಬೀಸಿತು. ಯಾರೂ ಬೆಲ್ ಹೊಡೆಯಲಿಲ್ಲ.

"ಥ್ಯಾಂಕ್ಸ್," ಎಂದ ಅವನು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದ. ಹೇಳಿ ಕೋಣೆಯೊಳಕ್ಕೆ ಓಡಿದ.

ಸೇತುವೆ ಇಳಿಯತೊಡಗಿತು.