ಗೋಡೆಯ ಮೇಲೆ ಇಬ್ಬರು ಹುಡುಗಿಯರು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ದಾಟಿದ ಮೇಲೆ ಪ್ರಕಾಶಕರು ಠಾಣೆಗೆ ಬಂದರು. ಅವರ ಬಿಳಿ ಅಂಗಿಯ ತೋಳಿಗೆಲ್ಲ ಗೋಂದು ಮೆತ್ತಿತ್ತು. ಆ ದಿನ ಸಂಜೆ ಬಿಡುಗಡೆಯಾಗಬೇಕಿದ್ದ ಕಾದಂಬರಿಯ ಅಷ್ಟೂ ಪ್ರತಿಗಳ ಮೇಲೆ ಯಾರೋ ಗೋದಾಮಿಗೆ ನುಗ್ಗಿ ಗೋಂದು ಸುರಿದಿದ್ದಾರೆ ಎಂಬುದು ದೂರು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದರು. ದಫೇದಾರ ಬರೆದುಕೊಂಡ, ಆದರೆ ಅವನ ಮುಖದಲ್ಲಿ ಕನಿಕರದ ಕುರುಹೇ ಇರಲಿಲ್ಲ.

ಕನಿಕರ ಹುಟ್ಟುವುದಾದರೂ ಹೇಗೆ? ಈ ಪ್ರಕಾಶಕರ ಪ್ರಚಾರದಿಂದ ಠಾಣೆಗೆ ಠಾಣೆಯೇ ರೋಸಿಹೋಗಿತ್ತು. ಒಟ್ಟು ಮೂರು ಹೊಸ ಕಾದಂಬರಿಗಳು. ಐತಿಹಾಸಿಕ ಕಾದಂಬರಿಗೆಂದು ಉದ್ಯಾನದಲ್ಲಿ ನಕಲಿ ನಾಣ್ಯಗಳನ್ನು ಹೂತು, ಸಿಕ್ಕವರಿಗೆ ಪುಸ್ತಕ ಉಚಿತ ಎಂದಿದ್ದರು. ಜನ ಹುಲ್ಲುಹಾಸನ್ನೆಲ್ಲ ಅಗೆದು ಗುಂಡಿ ಮಾಡಿದರು. ಪ್ರೇಮ ಮತ್ತು ರಹಸ್ಯ ಬೆರೆತ ಕಾದಂಬರಿಗೆಂದು ಸಹಿಯಿಲ್ಲದ ಪ್ರೇಮಪತ್ರಗಳನ್ನು ಸ್ಕೂಟರುಗಳಿಗೆ ಸಿಕ್ಕಿಸಿದರು. ಒಬ್ಬ ಹೆಂಗಸು ಗಂಡನ ಕಾಲರ್ ಹಿಡಿದು ಠಾಣೆಗೇ ಎಳೆದು ತಂದಳು. ಕಾಗದದ ಕೆಳಗೆ ಪುಸ್ತಕದ ಬೆಲೆ ಇದೆ ನೋಡಮ್ಮ ಎಂದು ಆಕೆಗೆ ತಿಳಿಸಿ ಹೇಳುವಷ್ಟರಲ್ಲಿ ದಫೇದಾರನಿಗೆ ಸಾಕುಸಾಕಾಗಿತ್ತು.

ಮೂರನೆಯದು ಪತ್ತೇದಾರಿ ಕಾದಂಬರಿ. ಅದಕ್ಕೆ ಊರ ತುಂಬ ಒಬ್ಬ ಹುಡುಗಿಯ ಮುಖದ ಪೋಸ್ಟರ್ ಅಂಟಿಸಿದ್ದರು. 'ಕಾಣೆಯಾಗಿದ್ದಾಳೆ. ಕಂಡವರು ದಯವಿಟ್ಟು ಕರೆ ಮಾಡಿ.' ಕರೆ ಮಾಡಿದರೆ, ಹುಡುಗಿ ಸೋಮವಾರ ಸಂಜೆ ನಿಮ್ಮ ಹತ್ತಿರದ ಪುಸ್ತಕದಂಗಡಿಯಲ್ಲಿ ಸಿಗುತ್ತಾಳೆ ಎಂದು ರೆಕಾರ್ಡ್ ಮಾಡಿದ ಒಂದು ಇಂಪಾದ ದನಿ ಹೇಳುತ್ತಿತ್ತು. ಅದೇ ಗೋಡೆಗಳ ಮೇಲೆ ಇನ್ನೊಬ್ಬ ಹುಡುಗಿಯ ಪೋಸ್ಟರೂ ಇತ್ತು. ಅದು ನಿಜದ್ದು. ಪುಸ್ತಕ ಕಟ್ಟುವ ಬೈಂಡರನ ಮಗಳು ಹತ್ತೊಂಬತ್ತರವಳು, ಎರಡು ತಿಂಗಳ ಹಿಂದೆ ಹೊಲಿಗೆ ತರಗತಿಗೆಂದು ಹೊರಟವಳು ಮನೆಗೆ ಬಂದಿರಲಿಲ್ಲ. ಆ ಪೋಸ್ಟರಿನ ಮಾತುಗಳನ್ನು ಬರೆದುಕೊಟ್ಟವನು ದಫೇದಾರನೇ. ಕಡತ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಇದ್ದಲ್ಲೇ ಇತ್ತು.

ಗೋದಾಮಿನಲ್ಲಿ ಪಂಚನಾಮೆ ಶುರುವಾಯಿತು. ಪಕ್ಕದ ದರ್ಜಿಯೂ ಜೆರಾಕ್ಸ್ ಅಂಗಡಿಯವನೂ ಪಂಚರು. ಬೀಗ ಒಡೆದಿರಲಿಲ್ಲ. ಗೋಂದಿನ ಬಕೆಟ್ ಅಲ್ಲೇ ಬಿದ್ದಿತ್ತು. ಪತ್ತೇದಾರಿ ಕಾದಂಬರಿಯ ಕಟ್ಟುಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಉಳಿದೆರಡು ಕಾದಂಬರಿಗಳ ರಾಶಿಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಹೊದಿಸಲಾಗಿತ್ತು, ಅವುಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಗೋಂದಿಗೆ ತೆಳು ನೀಲಿ ಬಣ್ಣವಿತ್ತು. ಅದೇನೆಂದು ಇನ್ಸ್‌ಪೆಕ್ಟರ್ ಕೇಳಿದರು. ಹುಳ ಹಿಡಿಯದಿರಲಿ ಎಂದು ಬೈಂಡರುಗಳು ಮೈಲುತುತ್ತ ಬೆರೆಸುತ್ತಾರೆ ಎಂದು ಪ್ರಕಾಶಕರೇ ವಿವರಿಸಿದರು. ಹೇಳಿದ ಮೇಲೆ ಅವರ ಬಾಯಿ ತಾನಾಗಿ ಮುಚ್ಚಿತು. ಗೋದಾಮಿನ ಇನ್ನೊಂದು ಕೀಲಿ, ಕಟ್ಟಿದ ಪುಸ್ತಕಗಳನ್ನು ತಂದಿಳಿಸಲೆಂದು, ಬೈಂಡರನ ಹತ್ತಿರವೇ ಇತ್ತು.

ದಫೇದಾರ ಪೆನ್ನು ಎತ್ತಿದ. ಇದನ್ನ ಬರೀಲೇಬೇಕಾ ಸಾರ್ ಎಂದು ಮೆಲ್ಲಗೆ ಕೇಳಿದ. ಬರಿ ಎಂದರು ಇನ್ಸ್‌ಪೆಕ್ಟರ್. ಬೇರೆ ದಾರಿ ಇರಲಿಲ್ಲ.

ಪ್ರಚಾರದ ಹೊಣೆ ಹೊತ್ತ ಹುಡುಗಿಯನ್ನು ಕರೆಸಿದರು. ಚುರುಕಿನವಳು, ಮಾತು ಪಟಪಟ ಬರುತ್ತಿತ್ತು. ಪೋಸ್ಟರಿನ ಯೋಚನೆ ಎಲ್ಲಿಂದ ಹೊಳೆಯಿತು ಎಂದಾಗ ಮಾತು ನಿಧಾನವಾಯಿತು.

"ಬೈಂಡಿಂಗ್ ಅಂಗಡಿ ಬಾಗಿಲಲ್ಲಿ ಅಂಥದೊಂದು ಇತ್ತು. ಓದ್ತಾ ಮೈ ಜುಂ ಅಂತು. ಅದೇ ಮಾತು, ಅದೇ ಥರ ಅಕ್ಷರ ಹಾಕಿಸಿದೆ."

"ಅದು ಯಾರದು ಅಂತ ಕೇಳಿದ್ರಾ?"

"ಹಳೇದಿರಬೇಕು ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಪ್ರಕಾಶಕರತ್ತ ತಿರುಗಿದರು. ಅದು ಬೈಂಡರನ ಮಗಳದೆಂದು ಅವರಿಗೆ ಗೊತ್ತಿತ್ತು. ಅದು ಬೇರೆ, ಇದು ವ್ಯಾಪಾರ ಎಂದುಕೊಂಡೆ ಎಂದು ಅಂಗಿಯ ತೋಳಿನ ಗೋಂದನ್ನು ಕೆರೆಯುತ್ತ ಹೇಳಿದರು.

ಹನ್ನೊಂದೂವರೆಗೆ ಜೀಪು ಬೈಂಡಿಂಗ್ ಅಂಗಡಿಯ ಮುಂದೆ ನಿಂತಿತು. ಒಳಗೆ ಬೈಂಡರನ ಹೆಂಡತಿ ನೆಲದ ಮೇಲೆ ಕುಳಿತು ಹಾಳೆ ಮಡಿಸುತ್ತಿದ್ದಳು. ತಲೆ ಎತ್ತಿದವಳು ಮೊದಲು ಜೀಪಿನ ಹಿಂದಿನ ಸೀಟನ್ನು ನೋಡಿದಳು. ಅಲ್ಲಿ ಯಾರೂ ಇಲ್ಲವೆಂದು ಕಂಡ ಮೇಲೆ ಮತ್ತೆ ಮಡಿಸತೊಡಗಿದಳು.

ಬೈಂಡರ್ ಮುಖ ತೊಳೆದು, ಒಗೆದ ಅಂಗಿ ತೊಟ್ಟು ಕಾದಿದ್ದ. "ನಾನೇ ಸಾರ್. ಕಟ್ಟಿದ್ದೂ ನಾನೇ, ಕೆಡಿಸಿದ್ದೂ ನಾನೇ" ಎಂದ.

ಮಗಳ ಪೋಸ್ಟರಿನ ಪಕ್ಕದಲ್ಲೇ ಕಾದಂಬರಿಯ ಪೋಸ್ಟರ್ ಅಂಟಿದ ಮೇಲೆ ಆತನ ಫೋನಿಗೆ ಬರುತ್ತಿದ್ದ ಕರೆಗಳ ಬಗೆಯೇ ಬದಲಾಗಿತ್ತು. ಎರಡೂ ಒಂದೇ ಪುಸ್ತಕದ್ದೆಂದು ಜನ ತಿಳಿದರು. ಕೊಲೆ ಮಾಡಿದ್ದು ಯಾರು ಎಂದು ಒಬ್ಬ ಕೇಳಿದ. ಹುಡುಗಿ ಕೊನೆಗೆ ಬದುಕಿರುತ್ತಾಳೋ ಇಲ್ಲವೋ ಎಂದು ಗೆಳತಿಯರ ಗುಂಪೊಂದು ಪಂತ ಕಟ್ಟಿ ವಿಚಾರಿಸಿತು. ಅದನ್ನೂ ಆತ ತಾಳಿಕೊಂಡಿದ್ದ. ಶನಿವಾರ ಬಂದ ಕರೆಗೆ ಮಾತ್ರ ತಾಳ್ಮೆ ಕೈಕೊಟ್ಟಿತು.

ಕರೆ ಮಾಡಿದ್ದು ಬಸ್ ನಿಲ್ದಾಣದ ಕ್ಯಾಂಟೀನಿನ ಹೆಂಗಸು. ನಿಮ್ಮ ಕಾದಂಬರಿಯ ಹುಡುಗಿ ನಮ್ಮಲ್ಲಿಗೆ ಬಂದಿದ್ದಳು ಎಂದು ಖುಷಿಯಿಂದ ಹೇಳಿದಳು. ಹಿಂದಿನ ವಾರ ಬಂದಿದ್ದಳಂತೆ. ನೀರು ಕೇಳಿ ಕುಡಿದು, ಕಂಬದ ಮೇಲಿನ ತನ್ನದೇ ಪೋಸ್ಟರನ್ನು ನೋಡುತ್ತ ತುಂಬ ಹೊತ್ತು ಕುಳಿತಿದ್ದಳಂತೆ. ಆಗಲೇ ಕರೆ ಮಾಡೋಣವೆಂದು ಕ್ಯಾಂಟೀನಿನವಳು ಫೋನ್ ತೆಗೆದಿದ್ದಳು; ಅದು ಕತೆಪುಸ್ತಕದ ಜಾಹೀರಾತು, ಸುಮ್ಮನೆ ಯಾಕೆ ಮೋಸ ಹೋಗ್ತೀಯ ಎಂದು ಪಕ್ಕದವನು ನಕ್ಕ. ಫೋನ್ ಒಳಗಿಟ್ಟಳು. ಹುಡುಗಿ ಯಾವುದೋ ಬಸ್ಸು ಹತ್ತಿ ಹೋದಳು.

"ಯಾವ ಬಸ್ಸು?" ದಫೇದಾರನಿಗೆ ತಡೆಯಲಾಗಲಿಲ್ಲ.

"ನೋಡ್ಲಿಲ್ವಂತೆ."

"ನಮಗೆ ಯಾಕೆ ಹೇಳ್ಲಿಲ್ಲ?" ಎಂದರು ಇನ್ಸ್‌ಪೆಕ್ಟರ್.

"ಹೇಳಿದೆ ಸಾರ್. ಶನಿವಾರಾನೇ ಓಡಿ ಬಂದೆ. ಆ ಪೋಸ್ಟರ್ ತೆಗೆಸಿ ಅಂತ ಕೈ ಮುಗಿದೆ. ಡ್ಯೂಟಿಲಿದ್ದೋರು ಬರ್ಕೊಂಡ್ರು. ಯಾವ ಸೆಕ್ಷನ್ ಹಾಕೋದು ಅಂತ ಅವರೇ ನನ್ನ ಕೇಳಿದ್ರು. ಪ್ರಕಾಶಕರು, ಬಿಡುಗಡೆ ಆಗೋವರೆಗೆ ತಡ್ಕೋ ಅಂದ್ರು. ಬಿಡುಗಡೆಯಾದ್ರೆ ಊರಿಗೆಲ್ಲ ಅವಳು ಕತೆ ಆಗೋಗ್ತಾಳೆ. ಆಮೇಲೆ ಯಾರು ಹುಡುಕ್ತಾರೆ ಸಾರ್?"

ಇನ್ಸ್‌ಪೆಕ್ಟರ್ ಬಂಧನದ ಪತ್ರಕ್ಕೆ ಬೈಂಡರನ ಹೆಂಡತಿಯ ಸಹಿ ಹಾಕಿಸಿದರು. ಬಸ್ ನಿಲ್ದಾಣಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಓಡಿಸಿದರು. ಅಲ್ಲಿನ ಕ್ಯಾಮೆರಾ ಕೆಟ್ಟು ಬಹಳ ಕಾಲವಾಗಿದೆ ಎಂಬ ವರದಿ ಮಧ್ಯಾಹ್ನ ಬಂತು. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಪ್ರಕಾಶಕರನ್ನು ಕೇಳಿ ನೋಡಿದರು. ವಿಮೆಗೆ ಎಫ್‌ಐಆರ್ ಬೇಕು, ನನ್ನ ಕೈಯಲ್ಲೇನೂ ಇಲ್ಲ ಎಂದರು ಅವರು. ಅಷ್ಟರಲ್ಲಿ ಗೋಂದಿನ ಸುದ್ದಿ ಹಬ್ಬಿ, ಇದೂ ಪ್ರಚಾರದ ಹೊಸ ವರಸೆಯೇ ಎಂದು ಜನ ಕಾದಂಬರಿಯ ಮರುಮುದ್ರಣಕ್ಕೆ ಮುಂಗಡ ಕೊಡಲು ಮುಗಿಬಿದ್ದಿದ್ದರು.

ಲಾಕಪ್ಪಿಗೆ ಹಾಕುವ ಮುನ್ನ ಬೈಂಡರನ ಬೆಲ್ಟು, ಕೀಲಿ, ಫೋನು ತೆಗೆದಿಡಬೇಕಾಗಿತ್ತು. ಬೆಲ್ಟು, ಕೀಲಿ ತಾನೇ ಕೊಟ್ಟ. ಫೋನನ್ನು ಬಿಗಿಯಾಗಿ ಹಿಡಿದುಕೊಂಡ.

"ಇದೊಂದು ಬೇಡ ಸಾರ್. ಪೋಸ್ಟರ್‌ನಲ್ಲಿರೋದು ಇದೇ ನಂಬರು. ಅವಳು ಮಾಡಿದ್ರೆ?"

ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ನನ್ನ ಮೇಜಿನ ಮೇಲೇ ಇರುತ್ತೆ, ನಾನೇ ಎತ್ತುತ್ತೀನಿ ಎಂದು ಇನ್ಸ್‌ಪೆಕ್ಟರ್ ಮಾತು ಕೊಟ್ಟ ಮೇಲೆ ಆತ ಬೆರಳು ಸಡಿಲಿಸಿದ.

ನಾಲ್ಕು ಗಂಟೆಯ ಹೊತ್ತಿಗೆ ಫೋನ್ ರಿಂಗಾಯಿತು. ಇನ್ಸ್‌ಪೆಕ್ಟರ್ ತಟ್ಟನೆ ಎತ್ತಿದರು. ಕಾಣೆಯಾದ ಹುಡುಗಿಯ ನಂಬರ್ ಇದೇನಾ ಎಂದು ಗಂಡಸಿನ ದನಿ ಕೇಳಿತು.

"ಹೌದು. ಠಾಣೆಯಿಂದ ಇನ್ಸ್‌ಪೆಕ್ಟರ್ ಮಾತಾಡ್ತಿದ್ದೀನಿ. ಎಲ್ಲಿ ನೋಡಿದ್ರಿ ಅವಳನ್ನ?"

ಆ ಕಡೆಯಿಂದ ನಗು.

"ಓಹೋ, ಇನ್ಸ್‌ಪೆಕ್ಟರ್ ದನೀನೂ ಹಾಕ್ಸಿದ್ದೀರಾ. ಚೆನ್ನಾಗಿದೆ ಕಣ್ರೀ."

ಕರೆ ಕಟ್ಟಾಯಿತು. ಇನ್ಸ್‌ಪೆಕ್ಟರ್ ಮತ್ತೆ ಮತ್ತೆ ಅದೇ ನಂಬರಿಗೆ ಮಾಡಿದರು. ಯಾರೂ ಎತ್ತಲಿಲ್ಲ. ಬೈಂಡರ್ ಎದ್ದು ಬಂದು ಕಂಬಿ ಹಿಡಿದು ನಿಂತಿದ್ದ.

"ಯಾರು ಸಾರ್?"

"ರಾಂಗ್ ನಂಬರ್."

ಆತ ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತ. ದಫೇದಾರ ತನ್ನ ಚಾರ್ಜರ್ ಹುಡುಕಿ ತಂದು ಆ ಫೋನನ್ನು ಚಾರ್ಜಿಗೆ ಹಾಕಿದ.