ಟಿ-ತ್ರೀ ಇಳಿದ ದಿನ

"ಡಾಕ್ಟರ್ ಹಿಮೇನಾ, ಕೋಟಿನ ಗುಂಡಿ ಹಾಕ್ಕೊಂಡು ನನ್ನ ಕೋಣೆಗೆ ಬನ್ನಿ."

ಫೋನಿನಲ್ಲಿ ಚೀಫ್ ಬುಸ್ತಮಾಂತೆಯ ಗೊಗ್ಗರು ದನಿ ಕೇಳಿ ಹಿಮೇನಾ ಓಡಿದ್ದಳು. ಕೋಣೆ ಖಾಲಿ. ಕಾರಿಡಾರಿನ ತುದಿಯಲ್ಲಿ ಲ್ಯಾಬಿನ ಲೌತಾರೊ ಗೋಡೆಗೊರಗಿ ನಗು ನುಂಗುತ್ತಿದ್ದ; ಚೀಫ್‌ನ ದನಿ ಅವನದೇ ಅಣಕು.

ತುಕುಮಾನ್‌ನ ಆ ಮಕ್ಕಳ ಆಸ್ಪತ್ರೆಯಲ್ಲಿ ಅವರ ಪರಿಚಯವಾದದ್ದು ಹೀಗೆ. ಅಂದಿನಿಂದ ಬೆಳಿಗ್ಗೆಯ ಟಿ-ತ್ರೀ ರಿಪೋರ್ಟು ಫೋನಿನಲ್ಲಿ ಯಾರ್ಯಾರದೋ ದನಿ ಹೊತ್ತು ಬರುತ್ತಿತ್ತು. ಒಮ್ಮೆ ಫುಟ್‌ಬಾಲ್ ಕಾಮೆಂಟರಿ. ಒಮ್ಮೆ ಮೂಗಿನಲ್ಲಿ ಮಾತಾಡುವ ಪಾದ್ರಿ: "ಲಿವರ್ ಡಾಕ್ಟ್ರಿಗೆ ಲವರ್ ಇಲ್ಲದೇ ಇರೋದು ಪಾಪ, ಮಗಳೇ."

"ಮೊದ್ಲು ನಂಬರ್ ಹೇಳಿ, ಸ್ವಾಮಿ."

ಲಿವರ್ ಹಠಾತ್ತನೆ ಕೈಕೊಟ್ಟ ಮಕ್ಕಳಲ್ಲಿ ಟಿ-ತ್ರೀ ಎಂಬ ಈ ಥೈರಾಯ್ಡ್ ಹಾರ್ಮೋನು ಇಳಿಯುತ್ತಾ ಹೋದರೆ ಮಗು ಉಳಿಯುವುದು ಕಷ್ಟ ಎಂದು ಹಿಮೇನಾಳ ಅಧ್ಯಯನ ಹೇಳುತ್ತಿತ್ತು. ತನ್ನ ಅಧ್ಯಯನವೇ ಸುಳ್ಳಾಗಲಿ ಎಂದು ಅವಳು ಈಗ ಬೇಡಿಕೊಳ್ಳುತ್ತಿದ್ದಳು. ಕಬ್ಬಿನ ಊರಿನಿಂದ ಕಾಮಾಲೆ ಹತ್ತಿ ಬಂದ ಆರು ವರ್ಷದ ನೈರಾ ಎರಡು ದಿನದಿಂದ ಮಂಪರಿನಲ್ಲಿದ್ದಳು.

ಆ ಬೆಳಿಗ್ಗೆ ಫೋನು ಬರಲಿಲ್ಲ. ಲೌತಾರೊನೇ ವಾರ್ಡಿನ ಬಾಗಿಲಲ್ಲಿ ನಿಂತಿದ್ದ.

"ಇವತ್ತು ಯಾರ ವೇಷ?" ಎಂದಳು.

"ಯಾರದ್ದೂ ಇಲ್ಲ, ಡಾಕ್ಟ್ರೇ. ಇನ್ನೂ ಇಳಿದಿದೆ. ಎರಡು ಸಲ ಹಾಕಿ ನೋಡ್ದೆ."

ಅವನ ಸ್ವಂತ ದನಿ ಇಷ್ಟು ಮೆತ್ತಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಆ ಹಾರ್ಮೋನನ್ನೇ ಕೊಟ್ರೆ ಆಗಲ್ವಾ?" ಎಂದ.

"ಥರ್ಮಾಮೀಟರ್ ತಣ್ಣೀರಲ್ಲಿ ಅದ್ದಿದ್ರೆ ಜ್ವರ ಇಳಿಯುತ್ತಾ, ಲೌತಾರೊ?"

ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಲಿವರ್ ಸೋಲುತ್ತಿದೆ ಎಂದೇ ಹೇಳಿತು. ಹೊಸ ಲಿವರಿನ ಆಸೆ ಇದ್ದದ್ದು ದೂರದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಮಾತ್ರ. ಮಧ್ಯಾಹ್ನ ವಿಮಾನ ಗೊತ್ತಾಯಿತು. ಮಗು ಮತ್ತು ತಾಯಿಯ ಜೊತೆಗೆ ಹೊರಟವಳು ಹಿಮೇನಾ.

ಆಂಬುಲೆನ್ಸಿನ ಬಳಿ ಲೌತಾರೊ 'ಮಾತೆ' ಎಂಬ ಕಹಿ ಎಲೆ-ಚಹಾದ ಸೋರೆಬುರುಡೆ ಹಿಡಿದು ನಿಂತಿದ್ದ. ಮೊದಲೆಲ್ಲ ಒಂದೇ ಬುರುಡೆ, ಒಂದೇ ಹೀರುನಳಿಕೆ ಇಡೀ ವಾರ್ಡಿನ ಬಾಯಿ ಸುತ್ತಿ ಬರುತ್ತಿತ್ತು. ಸಾಂಕ್ರಾಮಿಕದ ನಂತರ ಅವರವರ ಬುರುಡೆ ಅವರವರಿಗೆ, ಅದು ಚೀಫ್‌ನ ಕಟ್ಟಪ್ಪಣೆ. ಹಿಮೇನಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಅವನ ನಳಿಕೆಗೇ ತುಟಿ ಇಟ್ಟು, ತಳದವರೆಗೆ ಹೀರಿದಳು.

"ಚೀಫ್ ನೋಡ್ತಿದಾರೆ."

"ನೋಡ್ಲಿ."

ಅವನ ಕಿವಿ ಕೆಂಪಾದದ್ದನ್ನು ನೋಡಿಕೊಂಡೇ ಅವಳು ಹತ್ತಿದಳು.

ನೈರಾ ಆಪರೇಷನ್ ಕೋಣೆಯವರೆಗೂ ಹೋಗಲಿಲ್ಲ. ಬ್ಯೂನಸ್ ಐರಿಸ್ ಮುಟ್ಟಿದ ಸಂಜೆಯೇ ಮಿದುಳು ಊದಿಕೊಂಡು ಉಸಿರು ನಿಂತಿತು. ಅವಳ ತಾಯಿ ಮಗಳ ಚಪ್ಪಲಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಡಿಲಲ್ಲಿಟ್ಟುಕೊಂಡು ಕೂತಳು. ಹಿಮೇನಾ ಅಲ್ಲಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನು ಹಚ್ಚಿದಳು.

"ಲೌತಾರೊ, ಮಗು..."

"ಹೂಂ."

ಆ ಕಡೆ ಯಾವುದೋ ಗಾಡಿಯ ಸದ್ದು.

"ಎಲ್ಲಿದೀರಿ?"

"ಬಸ್ಸಲ್ಲಿ. ಆ ನಂಬರ್ ನೋಡಿದ್ಮೇಲೆ ಲ್ಯಾಬಲ್ಲಿ ಕೂರಕ್ಕಾಗ್ಲಿಲ್ಲ. ನಿನ್ನೊಬ್ಬಳನ್ನೇ ಅಲ್ಲಿ ಬಿಡಕ್ಕೂ ಮನಸ್ಸಾಗ್ಲಿಲ್ಲ. ಬೆಳಿಗ್ಗೆ ಬಂದ್ಬಿಡ್ತೀನಿ."

ಅವಳು ಫೋನು ಇಡಲಿಲ್ಲ. ಅವನೂ ಇಡಲಿಲ್ಲ. ಅವಳು ಅಳುವಷ್ಟು ಹೊತ್ತೂ ಬಸ್ಸು ಅವಳ ಕಡೆಗೇ ಬರುತ್ತಿತ್ತು.